ತಡೆ ಕಾರ್ಯಕ್ರಮ ಕೈಪಿಡಿಯಂತೆ ನಡೆಯುತ್ತಿದೆಯೇ? ಅಳೆಯುವ ವಿಧಾನಗಳ ಹೋಲಿಕೆ

ಬಾಲ ನ್ಯಾಯಾಲಯಕ್ಕೆ ಬಂದ ಹದಿಹರೆಯದವರಿಗಾಗಿ ಅಮೆರಿಕದ ವಾಷಿಂಗ್ಟನ್ ರಾಜ್ಯವು ‘ಫಂಕ್ಷನಲ್ ಫ್ಯಾಮಿಲಿ ಥೆರಪಿ’ ಎಂಬ ಕೌಟುಂಬಿಕ ಕಾರ್ಯಕ್ರಮವನ್ನು ಜಾರಿಗೆ ತಂದಿತ್ತು. ಅದರ ಫಲಿತಾಂಶವನ್ನು ಅಲ್ಲಿನ ಸಾರ್ವಜನಿಕ ನೀತಿ ಸಂಸ್ಥೆಯು 2004ರಲ್ಲಿ ಪ್ರಕಟಿಸಿತು. ಕಾರ್ಯಕ್ರಮವನ್ನು ಸಮರ್ಥವಾಗಿ ನಡೆಸಿದವರೆಂದು ಗುರುತಿಸಲಾದ ಚಿಕಿತ್ಸಕರ ಬಳಿ ಹೋದ ಮಕ್ಕಳಲ್ಲಿ ಮತ್ತೆ ಗಂಭೀರ ಅಪರಾಧಕ್ಕೆ ಇಳಿಯುವ ಪ್ರಮಾಣವು ಹೋಲಿಕೆಯ ಗುಂಪಿಗಿಂತ ಶೇ 38ರಷ್ಟು ಕಡಿಮೆಯಾಗಿತ್ತು. ಅಷ್ಟು ಸಮರ್ಥರಲ್ಲದವರ ಬಳಿ ಹೋದ ಮಕ್ಕಳಲ್ಲಿ ಅಂಥ ಯಾವ ಪ್ರಯೋಜನವೂ ಕಾಣಲಿಲ್ಲ. ಎರಡೂ ಕಡೆ ಕಾರ್ಯಕ್ರಮದ ಹೆಸರು ಒಂದೇ, ಪಾಲಿಸಬೇಕಾದ ಕ್ರಮವೂ ಒಂದೇ. ಚಿಕಿತ್ಸಕರ ಸಾಮರ್ಥ್ಯವನ್ನು ಯಾರೂ ಅಳೆಯದೆ ಹೋಗಿದ್ದರೆ ಈ ಎರಡು ಗುಂಪುಗಳೂ ಒಂದೇ ಸರಾಸರಿಯೊಳಗೆ ಬೆರೆತು, ‘ಈ ಕಾರ್ಯಕ್ರಮದಿಂದ ಹೇಳಿಕೊಳ್ಳುವಂಥ ಉಪಯೋಗವಿಲ್ಲ’ ಎಂಬ ತೀರ್ಮಾನಕ್ಕೆ ಎಡೆಯಾಗುತ್ತಿತ್ತು.

ಮಕ್ಕಳು ತಂಬಾಕು, ಮದ್ಯ, ಹಿಂಸೆ, ಶಾಲೆ ಬಿಡುವಿಕೆಯ ಕಡೆಗೆ ಜಾರುವ ಮೊದಲೇ ಅವರ ಜೊತೆಗೂ ಅವರ ತಂದೆತಾಯಿಯರ ಜೊತೆಗೂ ಮಾಡುವ ಕೆಲಸವನ್ನು ಇಲ್ಲಿ ತಡೆ ಕಾರ್ಯಕ್ರಮ ಎನ್ನುತ್ತಿದ್ದೇನೆ. ಅಂಥ ಕಾರ್ಯಕ್ರಮವನ್ನು ರೂಪಿಸಿದವರು ಹೇಗೆ ನಡೆಸಬೇಕೆಂದರೋ ಹಾಗೆ ಅದು ಊರಿನ ಶಾಲೆಯಲ್ಲಿ, ಸಮುದಾಯ ಭವನದಲ್ಲಿ, ಅಂಗನವಾಡಿಯಲ್ಲಿ ನಡೆಯಿತೇ ಎಂಬುದು ಅನುಷ್ಠಾನದ ನಿಷ್ಠೆಯ ಪ್ರಶ್ನೆ. ಇದನ್ನು ಅಳೆಯಲು ಹಲವು ವಿಧಾನಗಳಿವೆ. ಒಂದೊಂದಕ್ಕೂ ಬೇರೆ ಬೇರೆ ಖರ್ಚು, ಬೇರೆ ಬೇರೆ ಕುರುಡುತನ. ಜೀವನ ಕೌಶಲ ಶಿಕ್ಷಣ, ಪೋಷಕರ ಗುಂಪು, ವ್ಯಸನಮುಕ್ತಿಯ ಅರಿವು ಮುಂತಾದ ಕೆಲಸಗಳನ್ನು ತಾಲ್ಲೂಕು ಅಥವಾ ಜಿಲ್ಲೆಯ ಮಟ್ಟದಲ್ಲಿ ನಡೆಸುವ ಸಂಸ್ಥೆಗಳು, ಶಿಕ್ಷಕ ತರಬೇತುದಾರರು ಮತ್ತು ಸಮಾಜಕಾರ್ಯ ವಿಭಾಗದ ವಿದ್ಯಾರ್ಥಿಗಳು ಯಾವುದನ್ನು ಆರಿಸಿಕೊಳ್ಳಬೇಕು ಎಂಬುದನ್ನು ಮನಸ್ಸಿನಲ್ಲಿಟ್ಟು ಈ ಹೋಲಿಕೆಯನ್ನು ಬರೆದಿದ್ದೇನೆ.

ಏನನ್ನು ಅಳೆಯುತ್ತೀರಿ ಎಂಬುದು ಮೊದಲು

1998ರಲ್ಲಿ ಡೇನ್ ಮತ್ತು ಷ್ನೈಡರ್ ಎಂಬ ಸಂಶೋಧಕರು ಮಕ್ಕಳ ತಡೆ ಕಾರ್ಯಕ್ರಮಗಳ 162 ಅಧ್ಯಯನಗಳನ್ನು ಪರಿಶೀಲಿಸಿದರು. ಅವುಗಳಲ್ಲಿ ನಿಷ್ಠೆಯನ್ನು ದಾಖಲಿಸುವ ಕ್ರಮವನ್ನು ಸ್ಪಷ್ಟವಾಗಿ ಹೇಳಿದ್ದು 39 ಮಾತ್ರ. ಅವರು ಅಂದು ವಿಂಗಡಿಸಿದ ಐದು ಮುಖಗಳನ್ನೇ ಇಂದಿಗೂ ಹೆಚ್ಚಿನವರು ಬಳಸುತ್ತಾರೆ. ಕೈಪಿಡಿಯಲ್ಲಿರುವ ಅಂಶಗಳನ್ನು ಮಾಡಿದರೇ ಎಂಬುದು ಮೊದಲನೆಯದು. ಎಷ್ಟು ಸೆಷನ್‌ಗಳು, ಎಷ್ಟು ಹೊತ್ತು, ಎಷ್ಟು ಜನಕ್ಕೆ ತಲುಪಿದವು ಎಂಬ ಪ್ರಮಾಣ ಎರಡನೆಯದು. ನಡೆಸಿದ ಗುಣಮಟ್ಟ ಮೂರನೆಯದು. ಬಂದವರು ಎಷ್ಟರಮಟ್ಟಿಗೆ ಸ್ಪಂದಿಸಿದರು ಎಂಬುದು ನಾಲ್ಕನೆಯದು. ಇದೇ ಹೊತ್ತಿನಲ್ಲಿ ಅಲ್ಲಿ ನಡೆಯುತ್ತಿರುವ ಬೇರೆ ಕಾರ್ಯಕ್ರಮಗಳಿಂದ ಇದು ಸ್ಪಷ್ಟವಾಗಿ ಬೇರೆಯಾಗಿತ್ತೇ ಎಂಬುದು ಐದನೆಯದು.

ಈ ಐದನ್ನೂ ಒಂದೇ ಸಾಧನದಿಂದ ಅಳೆಯಲು ಆಗುವುದಿಲ್ಲ. ಆದರೂ ವಾರ್ಷಿಕ ವರದಿಗಳಲ್ಲಿ ‘ಅನುಷ್ಠಾನ ಶೇ 92’ ಎಂಬ ಒಂದೇ ಸಂಖ್ಯೆ ಕಾಣುತ್ತದೆ. ಆ ಸಂಖ್ಯೆಯ ಹಿಂದೆ ಸಾಮಾನ್ಯವಾಗಿ ಇರುವುದು ಮೊದಲನೆಯ ಮುಖ ಮಾತ್ರ, ಅದೂ ನಡೆಸಿದವರೇ ತುಂಬಿದ ನಮೂನೆಯಿಂದ ಬಂದದ್ದು. ಹಾಗಾಗಿ ವಿಧಾನಗಳನ್ನು ಹೋಲಿಸುವಾಗ ‘ಯಾವುದು ಉತ್ತಮ’ ಎಂದು ಕೇಳುವುದಕ್ಕಿಂತ ‘ಯಾವ ಮುಖವನ್ನು ಯಾವುದು ನಂಬುವಂತೆ ತೋರಿಸುತ್ತದೆ’ ಎಂದು ಕೇಳುವುದೇ ಸರಿ.

ಗುರಿ ಎಷ್ಟಿರಬೇಕು ಎಂಬುದಕ್ಕೆ ಡರ್ಲಾಕ್ ಮತ್ತು ಡುಪ್ರೀ 2008ರಲ್ಲಿ ಪ್ರಕಟಿಸಿದ ಪರಿಶೀಲನೆ ಉಪಯುಕ್ತ. 500ಕ್ಕೂ ಹೆಚ್ಚು ಅಧ್ಯಯನಗಳನ್ನು ಆಧರಿಸಿದ ಆ ಪರಿಶೀಲನೆಯ ಪ್ರಕಾರ, ಶೇ 60ರ ಆಸುಪಾಸಿನ ಅನುಷ್ಠಾನವಿದ್ದಾಗಲೂ ಅನೇಕ ಕಾರ್ಯಕ್ರಮಗಳು ಒಳ್ಳೆಯ ಫಲ ಕೊಟ್ಟಿವೆ. ಶೇ 80ನ್ನು ದಾಟಿದವು ಕಡಿಮೆ. ಸೆಷನ್ ನಡೆಸುವ ಸುಗಮಕಾರರೆಲ್ಲರೂ ನೂರಕ್ಕೆ ನೂರು ಪಾಲಿಸಿದ ಉದಾಹರಣೆ ಒಂದೂ ಸಿಕ್ಕಿರಲಿಲ್ಲ. ನಿಮ್ಮ ಕಡೆಯಿಂದ ಪ್ರತಿ ತಿಂಗಳೂ ಶೇ 98, ಶೇ 100 ಎಂಬ ವರದಿಗಳು ಬರುತ್ತಿದ್ದರೆ, ಹೊಗಳುವ ಮೊದಲು ಅಳೆಯುವ ಸಾಧನವನ್ನು ಒಮ್ಮೆ ಪರೀಕ್ಷಿಸುವುದು ಒಳ್ಳೆಯದು.

ಸುಗಮಕಾರರೇ ತುಂಬುವ ಪರಿಶೀಲನಾ ಪಟ್ಟಿ

ಸೆಷನ್ ಮುಗಿದ ಕೂಡಲೇ ನಡೆಸಿದವರು ಒಂದು ಹಾಳೆಯಲ್ಲಿ ಅಥವಾ ಮೊಬೈಲ್ ನಮೂನೆಯಲ್ಲಿ ಯಾವ ಚಟುವಟಿಕೆ ಮಾಡಿದೆವು, ಯಾವುದನ್ನು ಬಿಟ್ಟೆವು, ಎಷ್ಟು ಹೊತ್ತು ಹಿಡಿಯಿತು ಎಂದು ಗುರುತು ಹಾಕುತ್ತಾರೆ. ಇದಕ್ಕೆ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಎಲ್ಲ ಸೆಷನ್‌ಗಳ ಮಾಹಿತಿಯೂ ಸಿಗುತ್ತದೆ. ಯಾವ ಊರಿನಲ್ಲಿ ಮೂರನೆಯ ಸೆಷನ್ ನಡೆಯಲೇ ಇಲ್ಲ ಎಂಬುದು ಅದೇ ವಾರದಲ್ಲಿ ತಿಳಿಯುತ್ತದೆ. ಜೊತೆಗೆ, ಪಟ್ಟಿಯನ್ನು ತುಂಬುವ ಕೆಲಸವೇ ಸುಗಮಕಾರರಿಗೆ ಕೈಪಿಡಿಯ ತಿರುಳನ್ನು ಮತ್ತೆ ಮತ್ತೆ ನೆನಪಿಸುತ್ತದೆ. ಈ ಕೊನೆಯ ಲಾಭವನ್ನು ನಾನು ದೊಡ್ಡದೆಂದೇ ಎಣಿಸುತ್ತೇನೆ.

ಇದರ ದೋಷವೂ ಅಷ್ಟೇ ಖಚಿತ. ಸುಗಮಕಾರರು ತಮಗೆ ಕೊಟ್ಟುಕೊಳ್ಳುವ ಅಂಕಗಳು ಹೊರಗಿನ ವೀಕ್ಷಕರು ಕೊಡುವ ಅಂಕಗಳಿಗಿಂತ ಸಾಮಾನ್ಯವಾಗಿ ಹೆಚ್ಚಿರುತ್ತವೆ ಎಂಬುದು ಶಾಲಾ ಕಾರ್ಯಕ್ರಮಗಳಲ್ಲೂ ಕೌಟುಂಬಿಕ ಚಿಕಿತ್ಸೆಯಲ್ಲೂ ಮತ್ತೆ ಮತ್ತೆ ಕಂಡಿದೆ. ಇದಕ್ಕೆ ಅಪ್ರಾಮಾಣಿಕತೆ ಕಾರಣವಾಗಿರಬೇಕಿಲ್ಲ. ‘ಪೋಷಕರಿಂದ ಪಾತ್ರಾಭಿನಯ ಮಾಡಿಸಿದಿರಾ?’ ಎಂಬ ಪ್ರಶ್ನೆಗೆ, ಒಬ್ಬ ತಾಯಿಯಿಂದ ಎರಡು ಮಾತು ಆಡಿಸಿದವರೂ ‘ಹೌದು’ ಎನ್ನುತ್ತಾರೆ, ಎಲ್ಲ ಜೋಡಿಗಳೂ ಸರದಿಯಂತೆ ಅಭ್ಯಾಸ ಮಾಡುವವರೆಗೆ ಬಿಡದವರೂ ‘ಹೌದು’ ಎನ್ನುತ್ತಾರೆ. ಆದ್ದರಿಂದ ಪ್ರಶ್ನೆಯನ್ನು ಎಣಿಸಬಹುದಾದ ರೀತಿಯಲ್ಲಿ ಬರೆಯಬೇಕು: ಎಷ್ಟು ಜೋಡಿಗಳು ಅಭ್ಯಾಸ ಮಾಡಿದವು, ಎಷ್ಟು ನಿಮಿಷ, ಮನೆಗೆಲಸ ತಂದವರೆಷ್ಟು. ‘ಹೌದು’, ‘ಇಲ್ಲ’ ಎಂಬ ಎರಡೇ ಕಲಂಗಳ ಬದಲಿಗೆ ‘ಪೂರ್ತಿ ಮಾಡಿದೆ, ಬದಲಿಸಿ ಮಾಡಿದೆ, ಬಿಟ್ಟೆ’ ಎಂಬ ಮೂರನ್ನು ಇಟ್ಟು, ಬದಲಿಸಿದ್ದಕ್ಕೆ ಕಾರಣ ಬರೆಯಲು ಎರಡು ಸಾಲು ಜಾಗ ಬಿಟ್ಟರೆ ಪಟ್ಟಿಯ ಬೆಲೆ ಹೆಚ್ಚುತ್ತದೆ.

ಒಂದು ವಿಷಯದಲ್ಲಿ ಮಾತ್ರ ರಾಜಿ ಇರಬಾರದು. ಈ ಪಟ್ಟಿಯ ಅಂಕಗಳನ್ನು ಗೌರವಧನಕ್ಕಾಗಲಿ, ಗುತ್ತಿಗೆಯ ಮುಂದುವರಿಕೆಗಾಗಲಿ, ನೋಟಿಸಿಗಾಗಲಿ ಜೋಡಿಸಿದ ದಿನವೇ ಅದು ಮಾಹಿತಿ ಕೊಡುವುದನ್ನು ನಿಲ್ಲಿಸುತ್ತದೆ. ಹತ್ತಾರು ದಾಖಲೆಗಳನ್ನು ತುಂಬುವ ಹೊರೆಯನ್ನು ಆಗಲೇ ಹೊತ್ತಿರುವ ಆಶಾ ಕಾರ್ಯಕರ್ತೆಯೊ ಅಂಗನವಾಡಿ ಕಾರ್ಯಕರ್ತೆಯೊ ಪ್ರೌಢಶಾಲೆಯ ಶಿಕ್ಷಕರೊ, ತಮ್ಮ ಸಂಬಳದ ಮೇಲೆ ತೂಗುವ ಇನ್ನೊಂದು ಹಾಳೆಯಲ್ಲಿ ‘ಬಿಟ್ಟೆ’ ಎಂದು ಬರೆಯಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ.

ಸ್ಥಳದಲ್ಲೇ ಕೂತು ನೋಡುವ ವೀಕ್ಷಕರು

ಗುಣಮಟ್ಟವನ್ನು ಅಳೆಯಬೇಕೆಂದರೆ ಯಾರಾದರೂ ಹೋಗಿ ನೋಡಲೇಬೇಕು ಅಥವಾ ಕೇಳಲೇಬೇಕು. ಅಯೋವಾ ರಾಜ್ಯ ವಿಶ್ವವಿದ್ಯಾಲಯದ ಮೂಲಕ ಹರಡಿದ ‘ಸ್ಟ್ರೆಂಗ್ದನಿಂಗ್ ಫ್ಯಾಮಿಲೀಸ್ 10-14’ ಕಾರ್ಯಕ್ರಮವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರಲ್ಲಿ ಏಳು ಸೆಷನ್‌ಗಳಿವೆ, ಪ್ರತಿಯೊಂದೂ ಎರಡು ಗಂಟೆ. ಮೊದಲ ಗಂಟೆ ಪೋಷಕರೂ ಮಕ್ಕಳೂ ಬೇರೆ ಬೇರೆ ಕೋಣೆಗಳಲ್ಲಿ, ಎರಡನೆಯ ಗಂಟೆ ಕುಟುಂಬವೆಲ್ಲ ಒಟ್ಟಿಗೆ. ತರಬೇತಿ ಪಡೆದ ವೀಕ್ಷಕರು ಕೈಪಿಡಿಯ ಚಟುವಟಿಕೆಗಳ ಪಟ್ಟಿಯನ್ನು ಹಿಡಿದು ಕೂತು, ಮಾಡಿದ್ದು ಮತ್ತು ಬಿಟ್ಟಿದ್ದನ್ನು ಗುರುತಿಸುವ ಪದ್ಧತಿ ಅದರಲ್ಲಿ ಮೊದಲಿನಿಂದಲೂ ಇದೆ. ಇಂಥ ರಚನೆಯಲ್ಲಿ ಒಬ್ಬ ವೀಕ್ಷಕರು ಮೊದಲ ಗಂಟೆಯಲ್ಲಿ ಎರಡೂ ಕೋಣೆಗಳನ್ನು ನೋಡಲಾರರು ಎಂಬುದನ್ನು ಯೋಜನೆ ಹಾಕುವವರು ಮರೆಯಬಾರದು. ಪೋಷಕರ ಕೋಣೆ ಒಮ್ಮೆ, ಮಕ್ಕಳ ಕೋಣೆ ಒಮ್ಮೆ ಎಂಬ ಸರದಿಯನ್ನು ಮೊದಲೇ ಬರೆದಿಡಬೇಕು.

ಎಷ್ಟು ಸೆಷನ್ ನೋಡಬೇಕು? ಇಪ್ಪತ್ತು ಗುಂಪುಗಳು, ತಲಾ ಏಳು ಸೆಷನ್ ಎಂದರೆ ಒಟ್ಟು 140. ಎಲ್ಲವನ್ನೂ ನೋಡುವುದು ಯಾರಿಗೂ ಸಾಧ್ಯವಿಲ್ಲ. ಒಂದೊಂದು ಗುಂಪಿಗೆ ಎರಡರಂತೆ 40 ಸೆಷನ್ ನೋಡಿದರೆ 80 ಗಂಟೆಗಳ ವೀಕ್ಷಣೆ, ಅದರ ಮೇಲೆ ಬಸ್ಸಿನ ಹೊತ್ತು. ನನ್ನ ಅಭಿಪ್ರಾಯದಲ್ಲಿ ಒಂದು ಗುಂಪಿಗೆ ಒಂದೇ ವೀಕ್ಷಣೆ ಎಂಬುದು ಹಣವನ್ನು ವ್ಯರ್ಥ ಮಾಡಿದಂತೆ, ಏಕೆಂದರೆ ಒಬ್ಬರೇ ಸುಗಮಕಾರರು ಸುಲಭದ ಸೆಷನ್ ಒಂದನ್ನು ಚೆನ್ನಾಗಿಯೂ ಮನೆಯೊಳಗಿನ ಸಿಟ್ಟು, ಕುಡಿತ ಮುಂತಾದ ಕಷ್ಟದ ವಿಷಯದ ಸೆಷನ್ ಒಂದನ್ನು ಅವಸರದಲ್ಲಿಯೂ ಮುಗಿಸುವುದು ಸಹಜ. ಮೊದಲರ್ಧದಲ್ಲಿ ಒಂದು, ಎರಡನೆಯ ಅರ್ಧದಲ್ಲಿ ಒಂದು ನೋಡಬೇಕು. ಯಾವುದನ್ನು ನೋಡುವುದು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಬೇಕು. ವೀಕ್ಷಕರ ಅನುಕೂಲಕ್ಕೆ ಬಿಟ್ಟರೆ ಮುಖ್ಯರಸ್ತೆಯ ಪಕ್ಕದ ಊರುಗಳನ್ನೇ ಹೆಚ್ಚು ನೋಡಿದಂತಾಗುತ್ತದೆ, ಒಳಗಿನ ತಾಂಡಾ ಮತ್ತು ಹಾಡಿಗಳು ಲೆಕ್ಕಕ್ಕೇ ಬರುವುದಿಲ್ಲ.

ವೀಕ್ಷಕರು ಯಾರು ಎಂಬುದು ಇನ್ನೂ ಸೂಕ್ಷ್ಮ. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳಾಗಲಿ ಮೇಲಧಿಕಾರಿಗಳಾಗಲಿ ಬಂದು ಕೂತರೆ ತರಗತಿಯೇ ಬದಲಾಗುತ್ತದೆ. ಶಿಕ್ಷಕರು ಮಕ್ಕಳ ಮಾತಿಗೆ ಕಾಯುವುದನ್ನು ಬಿಟ್ಟು ಪಾಠ ಒಪ್ಪಿಸತೊಡಗುತ್ತಾರೆ. ಬೇರೆ ತಾಲ್ಲೂಕಿನ ಅನುಭವಿ ಸುಗಮಕಾರರನ್ನು ವೀಕ್ಷಕರನ್ನಾಗಿ ತರಬೇತುಗೊಳಿಸಿ ಕಳಿಸಿದರೆ ಈ ತೊಂದರೆ ಬಹಳ ಕಡಿಮೆಯಾಗುತ್ತದೆ, ನೋಡಿದವರೂ ಕಲಿಯುತ್ತಾರೆ. ಪೋಷಕರು ಆಡುವ ಮಾತು ವೀಕ್ಷಕರಿಗೆ ತಿಳಿಯಬೇಕು ಎಂಬುದನ್ನೂ ಹೇಳಿಯೇ ಬಿಡಬೇಕು. ಕರಾವಳಿಯಲ್ಲಿ ತುಳು, ತಾಂಡಾಗಳಲ್ಲಿ ಲಂಬಾಣಿ, ಪಟ್ಟಣಗಳ ಅನೇಕ ಮೊಹಲ್ಲಾಗಳಲ್ಲಿ ಉರ್ದು ಬಾರದ ವೀಕ್ಷಕರು ಚಟುವಟಿಕೆಗಳನ್ನು ಎಣಿಸಬಲ್ಲರು, ಗುಣಮಟ್ಟವನ್ನು ಅಳೆಯಲಾರರು.

ಇಬ್ಬರು ವೀಕ್ಷಕರು ಒಂದೇ ಸೆಷನ್ನನ್ನು ಪ್ರತ್ಯೇಕವಾಗಿ ಗುರುತಿಸಿ ಹೋಲಿಸುವುದು ಅಗತ್ಯ. ಹೋಲಿಸುವಾಗ ಬರಿಯ ಶೇಕಡಾವಾರು ಒಪ್ಪಿಗೆಯನ್ನು ನಂಬಬಾರದು. ಲೆಕ್ಕ ಹಾಕಿ ನೋಡಿ: 20 ಅಂಶಗಳ ಪಟ್ಟಿಯಲ್ಲಿ ಇಬ್ಬರೂ ತಲಾ 18ಕ್ಕೆ ‘ಮಾಡಿದರು’ ಎಂದು ಗುರುತು ಹಾಕಿದ್ದಾರೆ, ಆದರೆ ‘ಮಾಡಲಿಲ್ಲ’ ಎಂದು ಒಬ್ಬರು ಗುರುತಿಸಿದ ಎರಡು ಅಂಶಗಳೇ ಬೇರೆ, ಇನ್ನೊಬ್ಬರು ಗುರುತಿಸಿದ ಎರಡು ಅಂಶಗಳೇ ಬೇರೆ. ಆಗ 16 ಅಂಶಗಳಲ್ಲಿ, ಅಂದರೆ ಶೇ 80ರಷ್ಟು ಒಪ್ಪಿಗೆ ಇದೆ. ಕೇಳಲು ಚೆನ್ನಾಗಿದೆ. ಆದರೆ ಇಬ್ಬರೂ ಸೆಷನ್ನನ್ನೇ ನೋಡದೆ ಹತ್ತರಲ್ಲಿ ಒಂಬತ್ತು ಅಂಶಗಳಿಗೆ ಕಣ್ಣುಮುಚ್ಚಿ ‘ಮಾಡಿದರು’ ಎಂದು ಹಾಕಿದ್ದರೂ ಆಕಸ್ಮಿಕವಾಗಿಯೇ ಸರಾಸರಿ ಶೇ 82ರಷ್ಟು ಒಪ್ಪಿಗೆ ಬರುತ್ತಿತ್ತು. ಆಕಸ್ಮಿಕದ ಪಾಲನ್ನು ಕಳೆದು ಹೇಳುವ ‘ಕಪ್ಪಾ’ ಎಂಬ ಅಳತೆಯಲ್ಲಿ ಈ ಒಪ್ಪಿಗೆ ಸೊನ್ನೆಗಿಂತಲೂ ಕೆಳಗೆ, ಸುಮಾರು -0.11. ಯಾವ ಅಂಶ ಬಿಟ್ಟುಹೋಯಿತು ಎಂಬುದರಲ್ಲೇ ಇಬ್ಬರಿಗೆ ಒಮ್ಮತವಿಲ್ಲದಿದ್ದರೆ, ಸುಗಮಕಾರರಿಗೆ ಸಲಹೆ ಕೊಡುವುದಾದರೂ ಯಾವ ಆಧಾರದ ಮೇಲೆ? ಇಂಥ ಸ್ಥಿತಿಯಲ್ಲಿ ವೀಕ್ಷಕರನ್ನು ಕೂರಿಸಿ, ಒಂದೊಂದು ಅಂಶಕ್ಕೂ ಏನು ಕಂಡರೆ ‘ಮಾಡಿದರು’ ಎನ್ನಬೇಕು ಎಂಬುದನ್ನು ಉದಾಹರಣೆ ಸಹಿತ ಬರೆದು, ಮತ್ತೆ ಅಭ್ಯಾಸ ಮಾಡಿಸಿಯೇ ಕಳಿಸಬೇಕು.

ಧ್ವನಿಮುದ್ರಣ ಮತ್ತು ವಿಡಿಯೊ

ಪೋಷಕರ ತರಬೇತಿಯಲ್ಲಿ ಅತ್ಯಂತ ಬಿಗಿಯಾದ ಅಳತೆಗಳು ಮುದ್ರಣವನ್ನೇ ನೆಚ್ಚಿಕೊಂಡಿವೆ. ಅಮೆರಿಕದ ಒರೆಗಾನ್‌ನಲ್ಲಿ ಬೆಳೆದ ಪೋಷಕರ ತರಬೇತಿ ಮಾದರಿಗೆಂದು ರೂಪಿಸಿದ ‘ಫಿಂಪ್’ ಎಂಬ ಪದ್ಧತಿಯಲ್ಲಿ, ಸೆಷನ್ನಿನ ವಿಡಿಯೊ ತುಣುಕುಗಳನ್ನು ನೋಡಿ ಐದು ಆಯಾಮಗಳಿಗೆ 1ರಿಂದ 9ರವರೆಗೆ ಅಂಕ ಕೊಡುತ್ತಾರೆ: ಮಾದರಿಯ ಜ್ಞಾನ, ಸೆಷನ್ನಿನ ರಚನೆ, ಕಲಿಸುವ ಬಗೆ, ಪೋಷಕರೊಂದಿಗಿನ ಸಂಬಂಧವನ್ನು ನಿಭಾಯಿಸುವ ಕೌಶಲ, ಒಟ್ಟಾರೆ ಬೆಳವಣಿಗೆ. ಈ ಅಂಕಗಳು ಹೆಚ್ಚಿದ್ದ ಕಡೆ ಪೋಷಕರ ನಡವಳಿಕೆಯಲ್ಲಿನ ಬದಲಾವಣೆಯೂ ಹೆಚ್ಚಿತ್ತು ಎಂದು 2005ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನಾರ್ವೆ ದೇಶವು ಈ ಮಾದರಿಯನ್ನು ರಾಷ್ಟ್ರಮಟ್ಟದಲ್ಲಿ ಜಾರಿಗೆ ತಂದಾಗಲೂ ಇದೇ ಅಳತೆಯನ್ನು ಉಳಿಸಿಕೊಂಡಿತು. ಶಿಕಾಗೊದಲ್ಲಿ ರೂಪುಗೊಂಡ ಇನ್ನೊಂದು ಪೋಷಕರ ಕಾರ್ಯಕ್ರಮವು ಧ್ವನಿಮುದ್ರಣದಿಂದಲೇ ಕೈಪಿಡಿಯ ಪಾಲನೆಯನ್ನೂ ನಡೆಸುವವರ ಸಾಮರ್ಥ್ಯವನ್ನೂ ಬೇರೆ ಬೇರೆಯಾಗಿ ಅಳೆಯಿತು. ಹೀಗೆ ಬೇರ್ಪಡಿಸುವುದನ್ನು ನಾನು ಬಲವಾಗಿ ಸಮರ್ಥಿಸುತ್ತೇನೆ. ಚಟುವಟಿಕೆಯನ್ನೆಲ್ಲ ಮಾಡಿ ಮುಗಿಸಿದವರು ಬಂದವರ ಮನಸ್ಸನ್ನು ಮುಟ್ಟಿದ್ದಾರೆಂದು ಹೇಳಲಾಗದು.

ಮುದ್ರಣದ ಲಾಭ ದೊಡ್ಡದು. ಹಲವು ಊರುಗಳ ಸೆಷನ್ನನ್ನು ಒಬ್ಬರೇ ನುರಿತವರು ಕೂತಲ್ಲೇ ಅಳೆಯಬಹುದು, ಸಂದೇಹ ಬಂದರೆ ಮತ್ತೆ ಕೇಳಬಹುದು, ಅದೇ ತುಣುಕನ್ನು ಸುಗಮಕಾರರಿಗೆ ತೋರಿಸಿ ಕಲಿಸಬಹುದು. ಆದರೆ ನಮ್ಮಲ್ಲಿ ಇದನ್ನು ಆರಿಸುವ ಮೊದಲು ಎರಡು ಕಾನೂನುಗಳನ್ನು ಓದಲೇಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರ ದತ್ತಾಂಶಕ್ಕೆ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆಯನ್ನು ಬಯಸುತ್ತದೆ. ಪೋಕ್ಸೊ ಎಂದು ನಾವು ಕರೆಯುವ 2012ರ ಕಾಯ್ದೆಯು, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸುವುದನ್ನು ಕಡ್ಡಾಯ ಮಾಡಿದೆ. ಅಂಕ ಕೊಡಲೆಂದು ತಿಂಗಳಾದ ಮೇಲೆ ಮುದ್ರಣ ಕೇಳುವವರ ಕಿವಿಗೆ ಮಗುವಿನ ಅಂಥ ಮಾತು ಬಿದ್ದರೆ ಆ ಮಗು ಅಷ್ಟು ದಿನ ನೆರವಿಲ್ಲದೆ ಇದ್ದಂತಾಗುತ್ತದೆ. ಸೆಷನ್ ನಡೆದ ದಿನವೇ ಇಂಥದ್ದನ್ನು ಗುರುತಿಸಿ, 1098 ಮಕ್ಕಳ ಸಹಾಯವಾಣಿಯನ್ನೂ ಪೊಲೀಸರನ್ನೂ ಸಂಪರ್ಕಿಸುವ ಕ್ರಮ ಸಿದ್ಧವಿಲ್ಲದ ಸಂಸ್ಥೆಯು ಮುದ್ರಣಕ್ಕೆ ಕೈಹಾಕಬಾರದು ಎಂಬುದು ನನ್ನ ದೃಢ ಅಭಿಪ್ರಾಯ.

ಇನ್ನೊಂದು ಮಾತು: ಪೋಷಕರ ಗುಂಪಿನಲ್ಲಿ ಗಂಡನ ಕುಡಿತದ ಬಗ್ಗೆ, ಅತ್ತೆ ಮನೆಯವರ ಬಗ್ಗೆ ಬಾಯಿಬಿಡುವ ಹೆಣ್ಣುಮಕ್ಕಳು ಮೊಬೈಲ್ ಕ್ಯಾಮೆರಾ ಕಂಡರೆ ಸುಮ್ಮನಾಗುತ್ತಾರೆ. ಬರಿಯ ಧ್ವನಿ ಸಾಕಾಗುವ ಕಡೆ ವಿಡಿಯೊ ಬೇಡ.

ಬಂದವರನ್ನೇ ಕೇಳುವುದು

ಮಲ್ಟಿಸಿಸ್ಟಮಿಕ್ ಥೆರಪಿ ಎಂಬ ಕೌಟುಂಬಿಕ ಚಿಕಿತ್ಸೆಯಲ್ಲಿ ನಿಷ್ಠೆಯ ಮುಖ್ಯ ಅಳತೆ ಸಿಗುವುದು ಪೋಷಕರಿಂದ. ಚಿಕಿತ್ಸಕರಲ್ಲದ ಬೇರೊಬ್ಬರು ತಿಂಗಳಿಗೊಮ್ಮೆ ದೂರವಾಣಿಯಲ್ಲಿ 28 ಪ್ರಶ್ನೆಗಳನ್ನು ಕೇಳುತ್ತಾರೆ. ಚಿಕಿತ್ಸಕರ ನಡೆಯನ್ನು ಹತ್ತಿರದಿಂದ ಕಂಡವರು ಕುಟುಂಬದವರೇ ಆದ್ದರಿಂದ ಇದು ತರ್ಕಬದ್ಧ ಆಯ್ಕೆ. ಸ್ಪಂದನೆ ಎಂಬ ನಾಲ್ಕನೆಯ ಮುಖವನ್ನು ತಿಳಿಯಲು ಇದಕ್ಕಿಂತ ನೇರವಾದ ದಾರಿ ಇಲ್ಲ.

ಸ್ಪಂದನೆಯ ಮಹತ್ವಕ್ಕೆ ಭಾರತದ್ದೇ ನಿದರ್ಶನವಿದೆ. ದೆಹಲಿ ಮತ್ತು ಚೆನ್ನೈನ 32 ಶಾಲೆಗಳಲ್ಲಿ 6 ಮತ್ತು 8ನೆಯ ತರಗತಿಯ ಮಕ್ಕಳಿಂದ ಮೊದಲ್ಗೊಂಡು ಎರಡು ವರ್ಷ ನಡೆದ ‘ಮೈತ್ರಿ’ ಎಂಬ ತಂಬಾಕು ತಡೆ ಯೋಜನೆಯು ತನ್ನ ಅನುಷ್ಠಾನವನ್ನು ಎಚ್ಚರದಿಂದ ದಾಖಲಿಸಿತ್ತು. ತರಗತಿಯ ಚರ್ಚೆಯಲ್ಲಿ ಹೆಚ್ಚು ವಿದ್ಯಾರ್ಥಿಗಳು ಪಾಲ್ಗೊಂಡ ಕಡೆ, ಸಹಪಾಠಿ ನಾಯಕರಿಗೂ ಉಳಿದ ಮಕ್ಕಳಿಗೂ ಮಾತುಕತೆ ಚೆನ್ನಾಗಿದ್ದ ಕಡೆ, ಫಲವೂ ಉತ್ತಮವಾಗಿತ್ತು. ‘ಪಾಠ ಮುಗಿಯಿತೇ’ ಎಂದಷ್ಟೇ ಕೇಳುವ ಪಟ್ಟಿಗೆ ಇದು ಸಿಕ್ಕುತ್ತಿರಲಿಲ್ಲ.

ಆದರೂ ಬಂದವರನ್ನೇ ಕೇಳುವ ವಿಧಾನದ ಮಿತಿ ಗಂಭೀರ. ‘ಮೇಡಂ ಚೆನ್ನಾಗಿ ಹೇಳಿಕೊಟ್ಟರು’ ಎಂಬ ಉತ್ತರವು ನಮ್ಮ ಊರುಗಳಲ್ಲಿ ಬಹುತೇಕ ಮರ್ಯಾದೆಯ ಮಾತು. ಮನೆಗೆ ಬಂದು ಕೇಳಿದವರ ಎದುರು ಯಾರೂ ಸುಗಮಕಾರರನ್ನು ಬೈಯುವುದಿಲ್ಲ. ಹೀಗಾಗಿ ಮೆಚ್ಚುಗೆಯನ್ನು ಕೇಳದೆ ಘಟನೆಯನ್ನು ಕೇಳಬೇಕು: ಕಳೆದ ಸೆಷನ್ನಿನಲ್ಲಿ ನೀವು ಮಾತಾಡಿದಿರಾ? ಮಗನ ಜೊತೆ ಏನನ್ನು ಅಭ್ಯಾಸ ಮಾಡಿದಿರಿ? ಮನೆಯಲ್ಲಿ ಮಾಡಲು ಏನು ಹೇಳಿದ್ದರು? ಉತ್ತರಗಳು ಕೈಪಿಡಿಯ ಆ ವಾರದ ತಿರುಳಿಗೆ ಹೊಂದುತ್ತವೆಯೇ ಎಂದು ನೋಡಿದರೆ ಸಾಕು. ಓದುಬರಹ ಬಾರದವರಿಗೆ ಕಾಗದದ ನಮೂನೆ ಕೊಟ್ಟು ಸುಗಮಕಾರರಿಂದಲೇ ತುಂಬಿಸುವುದು ಮಾತ್ರ ಎಲ್ಲಕ್ಕಿಂತ ಕೆಟ್ಟ ವಿಧಾನ.

ಹಾಜರಿ ಮತ್ತು ಪ್ರಮಾಣ

ಹಾಜರಿ ಪುಸ್ತಕ ಎಲ್ಲರ ಬಳಿಯೂ ಇದೆ. ಅದನ್ನು ಸರಿಯಾಗಿ ಓದುವವರು ಕಡಿಮೆ. ಹನ್ನೆರಡು ಕುಟುಂಬ, ಏಳು ಸೆಷನ್ ಎಂದರೆ 84 ಹಾಜರಿಗಳು. ಅವುಗಳಲ್ಲಿ 63 ದಾಖಲಾದರೆ ಶೇ 75. ಒಂಬತ್ತು ಕುಟುಂಬಗಳು ಏಳಕ್ಕೆ ಏಳೂ ಬಂದು ಮೂರು ಕುಟುಂಬಗಳು ಒಮ್ಮೆಯೂ ಬಾರದೆ ಇದ್ದರೂ ಇದೇ ಸಂಖ್ಯೆ. ಎಲ್ಲರೂ ಐದಾರು ಸಲ ಬಂದಿದ್ದರೂ ಇದೇ ಸಂಖ್ಯೆ. ಮೊದಲನೆಯದರಲ್ಲಿ ಆ ಮೂರು ಮನೆಗಳನ್ನು ಹುಡುಕಿಕೊಂಡು ಹೋಗಬೇಕು, ಎರಡನೆಯದರಲ್ಲಿ ಸೆಷನ್ನಿನ ವಾರವನ್ನೊ ವೇಳೆಯನ್ನೊ ಬದಲಿಸಬೇಕು. ಆದ್ದರಿಂದ ಸರಾಸರಿಯನ್ನು ಬಿಟ್ಟು ಕುಟುಂಬವಾರು ಬರೆಯಿರಿ. ಕುಟುಂಬದಿಂದ ಬಂದವರು ಯಾರು ಎಂಬುದನ್ನೂ ಬರೆಯಿರಿ: ತಾಯಿ ಬಂದರೇ, ತಂದೆ ಬಂದರೇ, ಅಜ್ಜಿ ಬಂದರೇ, ಇಲ್ಲವೇ ದೊಡ್ಡ ಮಗಳನ್ನು ಕಳಿಸಿದರೇ.

ಶಾಲೆಗಳಲ್ಲಿ ಪ್ರಮಾಣ ಬೇರೆ ರೀತಿಯಲ್ಲಿ ಕರಗುತ್ತದೆ. ಪರೀಕ್ಷೆಯ ಕಾಲಕ್ಕೆ ಉಳಿದ ಮೂರು ಪಾಠಗಳನ್ನು ಶನಿವಾರದ ಅರ್ಧ ದಿನದ ಶಾಲೆಯಲ್ಲಿ ಒಟ್ಟಿಗೆ ಮುಗಿಸಿದರೆ ಪಟ್ಟಿಯಲ್ಲಿ ಮೂರೂ ‘ಮಾಡಿದೆ’ ಎಂದೇ ಬರುತ್ತವೆ. ನಿಮಿಷಗಳನ್ನು ಬರೆಸದೆ ಇದು ಹೊರಬೀಳದು.

ನ್ಯೂಯಾರ್ಕ್ ರಾಜ್ಯದ 56 ಶಾಲೆಗಳಲ್ಲಿ ನಡೆದು 1995ರಲ್ಲಿ ಪ್ರಕಟವಾದ ಬಾಟ್ವಿನ್ ಅವರ ‘ಲೈಫ್ ಸ್ಕಿಲ್ಸ್ ಟ್ರೈನಿಂಗ್’ ಅಧ್ಯಯನವು ಕಾರ್ಯಕ್ರಮದ ಶೇ 60 ಅಥವಾ ಅದಕ್ಕಿಂತ ಹೆಚ್ಚು ಭಾಗವನ್ನು ಪಡೆದ ವಿದ್ಯಾರ್ಥಿಗಳನ್ನು ಬೇರೆಯಾಗಿಯೂ ವಿಶ್ಲೇಷಿಸಿತು. ಪರಿಣಾಮ ಅವರಲ್ಲಿ ಇನ್ನೂ ಬಲವಾಗಿತ್ತು. ಇಂಥ ಲೆಕ್ಕವನ್ನು ಓದುವಾಗ ಒಂದು ಎಚ್ಚರ ಬೇಕು. ಹೆಚ್ಚು ಪಾಠ ನಡೆದ ಶಾಲೆಗಳು ಬೇರೆ ಕಾರಣಗಳಿಗಾಗಿಯೂ ಒಳ್ಳೆಯ ಶಾಲೆಗಳಾಗಿರಬಹುದು, ಹೆಚ್ಚು ಸೆಷನ್‌ಗೆ ಬಂದ ಕುಟುಂಬಗಳು ಮೊದಲೇ ನೆಮ್ಮದಿಯ ಕುಟುಂಬಗಳಾಗಿರಬಹುದು. ಹಾಜರಿ ಹೆಚ್ಚಿದ್ದವರು ಸುಧಾರಿಸಿದರು ಎಂಬುದರಿಂದಲೇ ಹಾಜರಿ ಅವರನ್ನು ಸುಧಾರಿಸಿತು ಎಂದು ಬರೆಯಬಾರದು.

ಮಾರ್ಪಾಡನ್ನು ಎಲ್ಲಿ ಲೆಕ್ಕ ಹಾಕುವುದು

ಮೇಲಿನ ಯಾವ ಸಾಧನವನ್ನು ಬಳಸಿದರೂ ಈ ಪ್ರಶ್ನೆ ಎದುರಾಗುತ್ತದೆ. ಬೇರೆ ದೇಶದ ಕೈಪಿಡಿಯ ಕತೆಯನ್ನು ಬದಲಿಸಿ ಜಾತ್ರೆಯಲ್ಲಿ ಗೆಳೆಯರು ಗುಟ್ಕಾ ಕೊಡುವ ಸಂದರ್ಭವನ್ನು ತಂದರೆ ಅದು ನಿಷ್ಠೆಯ ಕೊರತೆಯೇ? ಅಲ್ಲ. ಒತ್ತಾಯಕ್ಕೆ ಮಣಿಯದೆ ಬೇಡವೆನ್ನುವ ಅಭ್ಯಾಸ ಅಲ್ಲಿನ ತಿರುಳು, ಸಂದರ್ಭ ಅದರ ಉಡುಪು ಮಾತ್ರ. ಕೂಲಿಯಿಂದ ಸಂಜೆ ತಡವಾಗಿ ಬರುವ ತಾಯಂದಿರಿಗಾಗಿ ಎರಡು ಗಂಟೆಯ ಸೆಷನ್ನನ್ನು ಒಂದಕ್ಕೆ ಇಳಿಸಿ, ಕುಟುಂಬ ಒಟ್ಟಿಗೆ ಕೂರುವ ಭಾಗವನ್ನೇ ತೆಗೆದರೆ ಅದು ಕೊರತೆ, ಉದ್ದೇಶ ಎಷ್ಟೇ ಒಳ್ಳೆಯದಿರಲಿ. ಕುಟುಂಬಗಳನ್ನು ಬಲಪಡಿಸುವ ಮೂಲ ಕಾರ್ಯಕ್ರಮವನ್ನು ರೂಪಿಸಿದ ಕರೋಲ್ ಕಂಪ್ಫರ್ ಮತ್ತು ಸಂಗಡಿಗರು 2002ರಲ್ಲಿ ಬರೆದದ್ದು ಇದಕ್ಕೆ ನೇರ ಸಾಕ್ಷ್ಯ: ಪ್ರಮಾಣವನ್ನು ತಗ್ಗಿಸಿದ ಅಥವಾ ತಿರುಳನ್ನು ಕೈಬಿಟ್ಟ ಸಾಂಸ್ಕೃತಿಕ ಮಾರ್ಪಾಡುಗಳು ಕುಟುಂಬಗಳು ಕಾರ್ಯಕ್ರಮದಲ್ಲಿ ಉಳಿಯುವ ಪ್ರಮಾಣವನ್ನು ಶೇ 40ರವರೆಗೆ ಹೆಚ್ಚಿಸಬಹುದು, ಆದರೆ ಫಲವನ್ನು ತಗ್ಗಿಸುತ್ತವೆ. ಆದ್ದರಿಂದ ಕೆಲಸ ಆರಂಭಿಸುವ ಮೊದಲೇ ಕೈಪಿಡಿಯನ್ನು ಎದುರಿಗಿಟ್ಟುಕೊಂಡು ಮುಟ್ಟಬಾರದ ಅಂಶಗಳು ಯಾವುವು, ಊರಿಗೆ ತಕ್ಕಂತೆ ಬದಲಿಸಬಹುದಾದವು ಯಾವುವು ಎಂದು ಬರೆದಿಡಬೇಕು. ಅಂಕ ಕೊಡುವಾಗ ಎರಡಕ್ಕೂ ಬೇರೆ ಕಲಂ ಇರಬೇಕು.

ಯಾರಿಗೆ ಯಾವುದು

ಹತ್ತು ಹಳ್ಳಿಗಳಲ್ಲಿ ಐದಾರು ಸುಗಮಕಾರರನ್ನಿಟ್ಟು ಪೋಷಕರ ಗುಂಪು ನಡೆಸುವ ಸಣ್ಣ ಸಂಸ್ಥೆಗೆ ನಾನು ಸೂಚಿಸುವುದು ಎಲ್ಲ ಸೆಷನ್‌ಗೂ ಸ್ವಯಂ ಪಟ್ಟಿ, ಕುಟುಂಬವಾರು ಹಾಜರಿ ಮತ್ತು ಒಬ್ಬೊಬ್ಬರಿಗೂ ಚೀಟಿ ಎತ್ತಿ ಆರಿಸಿದ ಎರಡು ವೀಕ್ಷಣೆ. ಹಣ ತೀರ ಕಡಿಮೆಯಿದ್ದರೆ ಪಟ್ಟಿಯ ಅಂಶಗಳನ್ನು ಎಂಟು ಹತ್ತಕ್ಕೆ ಇಳಿಸಿ, ವೀಕ್ಷಣೆಯನ್ನು ಮಾತ್ರ ಬಿಡಬೇಡಿ. ವೀಕ್ಷಿಸಿದ ಸೆಷನ್‌ಗಳ ಸ್ವಯಂ ಪಟ್ಟಿಯನ್ನು ವೀಕ್ಷಕರ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ ಉಳಿದ ಪಟ್ಟಿಗಳನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬ ಅಂದಾಜೂ ಸಿಗುತ್ತದೆ.

ಶಿಕ್ಷಕರ ಮೂಲಕ ನೂರಾರು ಶಾಲೆಗಳಲ್ಲಿ ನಡೆಯುವ ಕೆಲಸಕ್ಕೆ ಲೆಕ್ಕಾಚಾರ ಬೇರೆ. ಶಿಕ್ಷಕರನ್ನೇ ತರಬೇತುಗೊಳಿಸುವ ಜೀವನ ಕೌಶಲ ಮಾದರಿಯನ್ನು ನಿಮ್ಹಾನ್ಸ್ ಸಂಸ್ಥೆ ಕರ್ನಾಟಕದ ಪ್ರೌಢಶಾಲೆಗಳಿಗೆ ತಂದದ್ದು ಈ ಬಗೆಯದು; ಅಂಥ ವಿಸ್ತಾರದಲ್ಲಿ ಎಲ್ಲ ಶಿಕ್ಷಕರನ್ನೂ ನೋಡಲಾಗುವುದಿಲ್ಲ. ಎಲ್ಲ ಶಾಲೆಗಳಿಂದ ನಿಮಿಷ ಮತ್ತು ಪಾಠದ ಎಣಿಕೆ, ಚೀಟಿಯಿಂದ ಆರಿಸಿದ ಕೆಲವು ಶಾಲೆಗಳಲ್ಲಿ ಆಳವಾದ ವೀಕ್ಷಣೆ, ಅದೇ ಶಾಲೆಗಳ ಮಕ್ಕಳಿಗೆ ಘಟನೆ ಕೇಳುವ ನಾಲ್ಕೈದು ಪ್ರಶ್ನೆ ಇದ್ದರೆ ಸಾಕು. ನಡೆಸುವವರು ಯಾರು ಎಂಬುದನ್ನೇ ಒಂದು ಅಂಶವಾಗಿ ದಾಖಲಿಸುವುದು ಇಲ್ಲಿ ಮುಖ್ಯ. ಬಿಹಾರದ ನಳಂದ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ‘ಸೆಹರ್’ ಪ್ರಯೋಗದಲ್ಲಿ, ಒಂದೇ ಕಾರ್ಯಕ್ರಮವನ್ನು ತರಬೇತಿ ಪಡೆದ ಸ್ಥಳೀಯ ಸಲಹೆಗಾರರು ನಡೆಸಿದ ಶಾಲೆಗಳಲ್ಲಿ ವಾತಾವರಣ ಸ್ಪಷ್ಟವಾಗಿ ಸುಧಾರಿಸಿತು, ಶಿಕ್ಷಕರು ನಡೆಸಿದ ಶಾಲೆಗಳಲ್ಲಿ ಸುಧಾರಿಸಲಿಲ್ಲ. ಬೋಧನೆ, ದಾಖಲೆ, ಚುನಾವಣೆ, ಗಣತಿ ಎಲ್ಲವನ್ನೂ ಹೊತ್ತ ಶಿಕ್ಷಕರ ಮೇಲೆ ಇನ್ನೊಂದನ್ನು ಹೇರುವಾಗ ಈ ಫಲಿತಾಂಶವನ್ನು ನೆನಪಿಡಬೇಕು.

ಕುಟುಂಬಗಳೊಂದಿಗೆ ಒಂದೊಂದಾಗಿ, ಆಳವಾಗಿ ಕೆಲಸ ಮಾಡುವವರಿಗೆ, ಅಂದರೆ ಕಾನೂನಿನೊಡನೆ ಸಂಘರ್ಷಕ್ಕೆ ಒಳಗಾದ ಮಕ್ಕಳ ಮನೆಗಳಿಗೆ ಹೋಗುವ ಸಲಹೆಗಾರರಿಗೆ, ಮನೆಯಲ್ಲಿ ವೀಕ್ಷಕರನ್ನು ಕೂರಿಸುವುದು ಸರಿಹೊಂದದು. ಒಪ್ಪಿಗೆಯಿರುವ ಕಡೆ ಧ್ವನಿಮುದ್ರಣ, ಇಲ್ಲದ ಕಡೆ ಬೇರೊಬ್ಬರು ದೂರವಾಣಿಯಲ್ಲಿ ಪೋಷಕರೊಂದಿಗೆ ಆಡುವ ಮಾಸಿಕ ಮಾತುಕತೆ, ಇವೆರಡೇ ಅಲ್ಲಿ ಬಾಳುವ ದಾರಿಗಳು. ಸಂಶೋಧನಾ ಪ್ರಬಂಧ ಬರೆಯುವವರು ಇದರ ಜೊತೆಗೆ ಹೋಲಿಕೆಯ ಗುಂಪಿನಲ್ಲೂ ಅದೇ ಪಟ್ಟಿಯನ್ನು ಹಿಡಿದು ನೋಡಬೇಕು. ಅಲ್ಲಿ ಇನ್ನೊಂದು ಸಂಸ್ಥೆ ಇದೇ ಪಾಠಗಳನ್ನು ಬೇರೆ ಹೆಸರಿನಲ್ಲಿ ಮಾಡುತ್ತಿರಬಹುದು.

ಯಾವುದನ್ನೇ ಆರಿಸಿದರೂ ಅಂಕಗಳು ವಾರದೊಳಗೆ ಸುಗಮಕಾರರ ಕೈಗೆ ಮರಳಬೇಕು. ಚೆನ್ನಾಗಿ ಮಾಡಿದ ಒಂದು ಸಂಗತಿ ಮತ್ತು ಮುಂದಿನ ಸೆಷನ್ನಿನಲ್ಲಿ ಬದಲಿಸಬೇಕಾದ ಒಂದೇ ಒಂದು ನಡೆಯನ್ನು, ಉದಾಹರಣೆಗೆ ‘ಪ್ರಶ್ನೆ ಕೇಳಿದ ಮೇಲೆ ಉತ್ತರ ಬರುವವರೆಗೆ ಸುಮ್ಮನೆ ಕಾಯಿರಿ’ ಎಂಬುದನ್ನು, ಬಾಯಿಮಾತಿನಲ್ಲಿ ಹೇಳಬೇಕು. ವರ್ಷದ ಕೊನೆಯಲ್ಲಿ ವರದಿಯ ಅನುಬಂಧಕ್ಕಾಗಿ ಮಾತ್ರ ಸಂಗ್ರಹಿಸುವ ಅಂಕಗಳಿಂದ ಆ ವರ್ಷ ಸೆಷನ್‌ಗೆ ಬಂದ ಮಕ್ಕಳಿಗೆ ಏನೂ ದಕ್ಕುವುದಿಲ್ಲ.